ಪ್ರನಾಳ ಶಿಶುವಿನ ತವರಲ್ಲಿ ಒಂದು ಶನಿವಾರ

ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಹತ್ತಿ ಗಿರಣಿಗಳ ಊರು. ನಮ್ಮ ತಲೆಮಾರಿಗೆ ಬುದ್ಧಿ ಬರುವಷ್ಟರಲ್ಲಿ ಗಿರಣಿಗಳ ಸದ್ದು ಅಡಗಿ, ಊರಿನ ಹೆಸರು ಬೆಣ್ಣೆದೋಸೆಗೆ ಅಂಟಿಕೊಂಡಿತ್ತು. ಹಾಗಾಗಿ ಆಫೀಸಿನವರು ಎಂಟು ತಿಂಗಳ ಮಟ್ಟಿಗೆ ನನ್ನನ್ನು ನಿಜವಾದ ಮ್ಯಾಂಚೆಸ್ಟರ್‌ಗೆ ಕಳಿಸಿದಾಗ ಅಪ್ಪ, "ಒಂದು ಮ್ಯಾಂಚೆಸ್ಟರಿಂದ ಇನ್ನೊಂದಕ್ಕೆ ಹೊಂಟಿ ನೋಡವ್ವ" ಅಂತ ನಕ್ಕಿದ್ರು.

ಇಲ್ಲಿಗೆ ಬಂದವರು ವಾರಾಂತ್ಯಕ್ಕೆ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗ್ತಾರೆ, ಫುಟ್‌ಬಾಲ್ ಹುಚ್ಚಿದ್ದವರು ಓಲ್ಡ್ ಟ್ರಾಫರ್ಡ್‌ಗೆ. ನಾನು ಒಂದು ಶನಿವಾರ ಓಲ್ಡ್‌ಹ್ಯಾಮ್‌ಗೆ ಹೋದೆ. ನೋಡುವಂಥ ಊರೇನಲ್ಲ ಅಂತ ಸಹೋದ್ಯೋಗಿಗಳು ಮೊದಲೇ ಎಚ್ಚರಿಸಿದ್ದರು. ಆದರೆ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ್ದು ಅಲ್ಲಿ. ಆ ಹೊತ್ತಿಗೆ ಬೆಂಗಳೂರಲ್ಲಿ ನನ್ನ ತಂಗಿಯ ಐವಿಎಫ್ ನಡೀತಿತ್ತು. ಅವಳ ಕ್ಲಿನಿಕ್ಕಿನವರು ಭ್ರೂಣಗಳನ್ನು ಕೃತಕ ಬುದ್ಧಿಮತ್ತೆಯಿಂದ, ಅಂದರೆ ಎಐನಿಂದ ಅಳೆದು ಅಂಕ ಕೊಟ್ಟಿದ್ದರು. ಆ ಅಂಕ ಹಿಡಿದುಕೊಂಡು ಅವಳು ದಿನಾ ಫೋನ್ ಮಾಡ್ತಿದ್ದಳು. ಇದೆಲ್ಲ ಶುರುವಾದ ಜಾಗ ಟ್ರಾಮಿನಲ್ಲಿ ಅರ್ಧ ಗಂಟೆ ದೂರದಲ್ಲಿರುವಾಗ ನೋಡದೇ ಇರೋದು ಹೇಗೆ? (ಅವಳನ್ನು ಕೇಳಿಯೇ ಇದನ್ನು ಬರೀತಿದ್ದೇನೆ. ಹೆಸರು ಮಾತ್ರ ಬೇಡ ಅಂದಳು.)

ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ಹಳದಿ ಟ್ರಾಮ್ ಹತ್ತಿದರೆ ಸುಮಾರು ಹನ್ನೊಂದು ಕಿಲೋಮೀಟರ್. ಊರು ಗುಡ್ಡದ ಮೇಲಿದೆ, ಟ್ರಾಮ್ ಏರುತ್ತಾ ಹೋಗುತ್ತೆ. ನಾನು ಇಳಿಯಬೇಕಿದ್ದ ಸ್ಟಾಪಿನ ಹೆಸರು ಓಲ್ಡ್‌ಹ್ಯಾಮ್ ಮಂಪ್ಸ್. ಮಂಪ್ಸ್ ಅಂದರೆ ನಮ್ಮ ಮಂಗನಬಾವು! ಹಿಂದಿನ ಇಂಗ್ಲಿಷಿನಲ್ಲಿ ಭಿಕ್ಷುಕರಿಗೆ ಇದ್ದ ಯಾವುದೋ ಆಡುಮಾತಿನಿಂದ ಈ ಹೆಸರು ಬಂತು ಅಂತಾರೆ, ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ. ಆದರೂ ಬೋರ್ಡ್ ನೋಡಿ ನಗು ಬಂತು, ಹಿಂದೆಯೇ ಇನ್ನೊಂದು ವಿಷಯ ನೆನಪಾಯ್ತು. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದರೆ ಕೆಲವು ಗಂಡಸರಿಗೆ ವೃಷಣಕ್ಕೂ ಬಾವು ಇಳಿಯುತ್ತದೆ, ವೀರ್ಯಾಣುಗಳ ಸಂಖ್ಯೆ ತಗ್ಗುವುದೂ ಉಂಟು. ಮಕ್ಕಳಾಗದಿದ್ದರೆ ನಮ್ಮಲ್ಲಿ ಮೊದಲು ಹೆಂಗಸನ್ನೇ ಆಸ್ಪತ್ರೆಗೆ ಕಳಿಸೋದು. ತಂಗಿಯೂ ಹಾಗೇ ಎರಡು ವರ್ಷ ಒಬ್ಬಳೇ ಓಡಾಡಿದಳು. ಭಾವನ ಒಂದು ಸಾಧಾರಣ ಪರೀಕ್ಷೆ ಆಗಿದ್ದು ಆಮೇಲೆ.

ಎಐ ಬಗ್ಗೆ ಹೇಳುವಾಗ ನಾನು ಮೊದಲು ಹೇಳೋದು ಈ ಗಂಡಸರ ಕಡೆಯ ಕಥೆಯನ್ನೇ. ವೀರ್ಯದಲ್ಲಿ ವೀರ್ಯಾಣುವೇ ಕಾಣದ ಸ್ಥಿತಿಯೊಂದಿದೆ. ಲ್ಯಾಬಿನವರು ಗಂಟೆಗಟ್ಟಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಹುಡುಕಿದರೂ ಒಂದೂ ಸಿಗೋದಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಫರ್ಟಿಲಿಟಿ ಕೇಂದ್ರದಲ್ಲಿ ಡಾ. ಝೆವ್ ವಿಲಿಯಮ್ಸ್ ತಂಡ 'ಸ್ಟಾರ್' ಅನ್ನೋ ವ್ಯವಸ್ಥೆ ಮಾಡಿದೆ. ಆಕಾಶದಲ್ಲಿ ಹೊಸ ನಕ್ಷತ್ರ ಹುಡುಕಲು ಖಗೋಳ ವಿಜ್ಞಾನಿಗಳು ಎಐ ಬಳಸೋದನ್ನು ನೋಡಿ ಹೊಳೆದ ಉಪಾಯ ಅದು. ಮಾದರಿಯನ್ನು ಕೂದಲೆಳೆಯಂಥ ಕಾಲುವೆಗಳಿರುವ ಚಿಪ್ಪಿನ ಮೂಲಕ ಹರಿಸ್ತಾರೆ, ಕ್ಯಾಮೆರಾ ಎಡೆಬಿಡದೆ ಚಿತ್ರ ತೆಗೆಯುತ್ತೆ, ಎಐ 'ಇಲ್ಲಿದೆ' ಅಂದ ಕ್ಷಣ ಆ ಹನಿಯನ್ನು ಬೇರ್ಪಡಿಸ್ತಾರೆ. 2025ರಲ್ಲಿ ಅವರು ವರದಿ ಮಾಡಿದ ಮೊದಲ ಪ್ರಕರಣದಲ್ಲಿ ಸುಮಾರು ಎರಡು ಗಂಟೆಯಲ್ಲಿ 25 ಲಕ್ಷ ಚಿತ್ರಗಳನ್ನು ಜಾಲಾಡಿ ಸಿಕ್ಕ ಜೀವಂತ ವೀರ್ಯಾಣುಗಳು ಎರಡೇ ಎರಡು. ಎರಡಕ್ಕೂ ಭ್ರೂಣವಾಯ್ತು, ಹೆಂಡತಿ ಗರ್ಭಿಣಿಯಾದಳು. ಎರಡು ದಶಕಕ್ಕೆ ಹತ್ತಿರ ಕಾದಿದ್ದ ದಂಪತಿ ಅವರು. ಒಂದೇ ಜೋಡಿಯ ವರದಿ, ಇನ್ನೂ ದೊಡ್ಡ ಪರೀಕ್ಷೆ ಆಗಬೇಕು, ಸರಿ. ಆದರೆ ಯಂತ್ರಕ್ಕೆ ಕೊಟ್ಟ ಕೆಲಸ ಅದರ ಕೈಲಾಗುವಂಥದ್ದು ಅನ್ನೋದು ನೋಡಿದರೇ ಗೊತ್ತಾಗುತ್ತೆ. ಬಣವೆಯಲ್ಲಿ ಸೂಜಿ ಹುಡುಕಬೇಕು, ಸಿಕ್ಕರೆ ಸಿಕ್ಕಿತು ಅಂತ ಎಲ್ಲರ ಕಣ್ಣಿಗೂ ಕಾಣುತ್ತೆ.

ಮಂಪ್ಸ್‌ನಲ್ಲಿ ಇಳಿದಾಗ ಜಡಿಮಳೆ. ಊರಿನ ಮೇಲೆ ಪೆನೈನ್ ಬೆಟ್ಟಗಳ ಬೂದು ಗೆರೆ. ಒಂದು ಕಾಲಕ್ಕೆ ಇಲ್ಲಿ 300ಕ್ಕೂ ಹೆಚ್ಚು ಹತ್ತಿ ಗಿರಣಿಗಳಿದ್ದವು, ಜಗತ್ತಿನಲ್ಲೇ ಅತಿ ಹೆಚ್ಚು ನೂಲು ತೆಗೆಯುತ್ತಿದ್ದ ಊರು ಇದು. ಈಗ ಉಳಿದ ಕೆಂಪು ಇಟ್ಟಿಗೆಯ ಕಟ್ಟಡಗಳಲ್ಲಿ ಗೋದಾಮು ಗೀದಾಮು. ಪೇಟೆ ನಡುವಿನ ಶಾಪಿಂಗ್ ಸೆಂಟರಿಗೆ 'ಸ್ಪಿಂಡಲ್ಸ್' ಅಂತ ಹೆಸರು, ಕದಿರು ಅಂತ ಅರ್ಥ. ಗಿರಣಿ ಹೋಯ್ತು, ಹೆಸರು ಮಾಲ್‌ಗೆ ಬಂತು. ನಮ್ಮೂರವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆ ಟೌನ್‌ಹಾಲ್ ಮುಂದೆ ಆ್ಯನಿ ಕೆನ್ನಿ ಪ್ರತಿಮೆಯಿದೆ. ಹತ್ತನೇ ವಯಸ್ಸಿಗೆ ಗಿರಣಿ ಸೇರಿ, ಮುಂದೆ ಹೆಂಗಸರ ಮತದಾನದ ಹಕ್ಕಿಗಾಗಿ ಜೈಲಿಗೆ ಹೋದವಳು. ಬ್ರಿಟನ್ನಿನ ಚಿಪ್ಸ್ ಹುಟ್ಟಿದ್ದು ಈ ಊರಿನ ಟಾಮಿಫೀಲ್ಡ್ ಮಾರ್ಕೆಟ್ಟಿನಲ್ಲಿ ಅಂತಲೂ ಇವರ ಹೆಮ್ಮೆ. ವಿನೆಗರ್ ಸುರಿದ ಬಿಸಿ ಚಿಪ್ಸ್ ತಿಂದೆ. ಬೆಣ್ಣೆದೋಸೆ ಮುಂದೆ ಏನೂ ಅಲ್ಲ, ಆದರೆ ಮಳೆಗೆ ಹಿತವಾಗಿತ್ತು.

ಅಲ್ಲಿಂದ ರಾಚ್‌ಡೇಲ್ ರಸ್ತೆ ಹಿಡಿದು ನಡೆದರೆ ರಾಯಲ್ ಓಲ್ಡ್‌ಹ್ಯಾಮ್ ಆಸ್ಪತ್ರೆ ಸಿಗುತ್ತೆ, ಫುಟ್‌ಬಾಲ್ ಮೈದಾನದ ಹತ್ತಿರವೇ. ನಮ್ಮ ಯಾವುದೇ ಜಿಲ್ಲಾಸ್ಪತ್ರೆಯ ಹಾಗೆ: ಪಾರ್ಕಿಂಗ್ ಪರದಾಟ, ಹೊರಗೆ ನಿಂತು ಸಿಗರೇಟ್ ಸೇದುವ ಸಂಬಂಧಿಕರು, ಹೂ ಹಿಡಿದು ಓಡುವ ಅಜ್ಜ. 1978ರ ಜುಲೈ 25ರ ರಾತ್ರಿ 11.47ಕ್ಕೆ ಇಲ್ಲಿ ಸಿಸೇರಿಯನ್ ಆಗಿ 2.6 ಕೆ.ಜಿ.ಯ ಹೆಣ್ಣು ಮಗು ಹುಟ್ಟಿತು. ತಾಯಿ ಲೆಸ್ಲಿ ಬ್ರೌನ್ ಬ್ರಿಸ್ಟಲ್‌ನವಳು. ಗರ್ಭನಾಳ ಮುಚ್ಚಿಹೋಗಿ ಒಂಬತ್ತು ವರ್ಷ ಮಕ್ಕಳಾಗಿರಲಿಲ್ಲ. ಹೊರಗೆ ಪತ್ರಕರ್ತರ ದಂಡು ಬೀಡುಬಿಟ್ಟಿತ್ತು. ಬಾಟಲಿಯಲ್ಲಿ ಹುಟ್ಟಿದ ಮಗು ಸರಿ ಇರುತ್ತಾ ಅಂತ ಜಗತ್ತೇ ಕೇಳ್ತಿತ್ತು.

ನಿಜವಾದ ಜಾಗ ಇರೋದು ಇನ್ನೂ ಮುಂದೆ, ರಾಯ್ಟನ್ ಅನ್ನೋ ಪುಟ್ಟ ಊರಿನಲ್ಲಿ. ಟರ್ಫ್ ಲೇನ್ ಅನ್ನೋ ಮನೆಗಳ ಬೀದಿಯಲ್ಲಿ ಆಗ ಡಾ. ಕರ್ಶಾ ಕಾಟೇಜ್ ಆಸ್ಪತ್ರೆ ಇತ್ತು. ಅದರೊಂದು ಸಣ್ಣ ಲ್ಯಾಬಿನಲ್ಲಿ ಪ್ಯಾಟ್ರಿಕ್ ಸ್ಟೆಪ್ಟೊ, ರಾಬರ್ಟ್ ಎಡ್ವರ್ಡ್ಸ್ ಮತ್ತು ಜೀನ್ ಪರ್ಡಿ ವರ್ಷಗಟ್ಟಲೆ ಸೋಲುಂಡರು. ಸ್ಟೆಪ್ಟೊ ಇದೇ ಊರಿನ ಡಾಕ್ಟರು. ಉಳಿದಿಬ್ಬರು ಕೇಂಬ್ರಿಡ್ಜ್‌ನಿಂದ ನಾಲ್ಕು ಗಂಟೆಗೂ ಹೆಚ್ಚು ಕಾರು ಓಡಿಸಿಕೊಂಡು ಬರ್ತಿದ್ದರು. ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ 1971ರಲ್ಲಿ ದುಡ್ಡು ಕೊಡಲ್ಲ ಅಂದಿತ್ತು. 1969ರಿಂದ 78ರವರೆಗೆ 282 ಹೆಂಗಸರು ಇವರ ಬಳಿ ಬಂದರು, ಹುಟ್ಟಿದ ಮಕ್ಕಳು ಎರಡು. ನಾನು ಈ ಲೆಕ್ಕವನ್ನು ಎರಡು ಸಲ ಓದಿದೆ. 280 ಹೆಂಗಸರು ಹೊಟ್ಟೆಗೆ ತೂತು ಹಾಕಿಸಿಕೊಂಡು ಬರಿಗೈಲಿ ಮನೆಗೆ ಹೋದರು. ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಜೀನ್ ಪರ್ಡಿಯ ಹೆಸರೂ ಬಹಳ ಜನಕ್ಕೆ ಗೊತ್ತಿಲ್ಲ. ಆಕೆ ನರ್ಸ್ ಆಗಿ ತರಬೇತಾದವಳು, 1968ರಲ್ಲಿ ಎಡ್ವರ್ಡ್ಸ್ ಜೊತೆ ಸೇರಿದಳು. ಲ್ಯಾಬ್ ನೋಡಿಕೊಂಡವಳು, ದಾಖಲೆ ಬರೆದವಳು, ಬಂದ ಹೆಂಗಸರ ಜೊತೆ ಕೂತು ಮಾತಾಡಿದವಳು ಆಕೆಯೇ. ಮುಂದೆ ಲೂಯಿಸ್ ಆದ ಆ ಭ್ರೂಣ ಒಂದು ಎರಡಾಗಿ, ಎರಡು ನಾಲ್ಕಾಗಿ, ಎಂಟಾಗಿ ಒಡೆಯೋದನ್ನು ಮೊದಲು ನೋಡಿದ ಕಣ್ಣು ಅವಳದ್ದು. ಆಸ್ಪತ್ರೆಯ ಸ್ಮಾರಕ ಫಲಕಕ್ಕೆ ಅವಳ ಹೆಸರು ಸೇರಿಸಿ ಅಂತ ಎಡ್ವರ್ಡ್ಸ್ ಪತ್ರ ಬರೆದರೂ ಸ್ಥಳೀಯ ಆರೋಗ್ಯ ಪ್ರಾಧಿಕಾರ ಸೇರಿಸಲಿಲ್ಲ. ಆ ಪತ್ರಗಳು ಹೊರಬಂದಿದ್ದು 2019ರಲ್ಲಿ. ಪರ್ಡಿ 1985ರಲ್ಲಿ, 39ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಎಡ್ವರ್ಡ್ಸ್‌ಗೆ ನೊಬೆಲ್ ಬಂದಿದ್ದು 2010ರಲ್ಲಿ.

ಕಾಟೇಜ್ ಆಸ್ಪತ್ರೆ ಈಗ ಹಾಸ್ಪಿಸ್, ಸಾವಿನಂಚಿನಲ್ಲಿರುವ ರೋಗಿಗಳ ಆರೈಕೆಯ ಮನೆ. ಒಳಗೆ ಹೋಗಿ ಫೋಟೊ ಹೊಡೆಯುವ ಜಾಗ ಅದಲ್ಲ. ಆಚೆ ಫುಟ್‌ಪಾತಿನಲ್ಲಿ ಕೊಡೆ ಹಿಡಿದು ಸ್ವಲ್ಪ ಹೊತ್ತು ನಿಂತೆ. ಅಷ್ಟರಲ್ಲಿ ತಂಗಿಯ ಫೋನ್. ಅಲ್ಲಿ ರಾತ್ರಿ ಊಟದ ಹೊತ್ತು.

"ಅಕ್ಕಾ, ನೀನು ಇದೇ ಕೆಲಸ ಮಾಡೋಳಲ್ವಾ? ಎರಡನೇದಕ್ಕೆ 4.3 ಕೊಟ್ಟಿದೆ. ಅಂದ್ರೆ ನಲವತ್ಮೂರು ಪರ್ಸೆಂಟ್ ಚಾನ್ಸಾ?"

ವಿಷಯ ಏನಂದರೆ, ಅವಳಿಗೆ ಎರಡು ಭ್ರೂಣ ಬಂದಿದ್ದವು. ಒಂದಕ್ಕೆ 10ಕ್ಕೆ 8.1, ಇನ್ನೊಂದಕ್ಕೆ 4.3. ಎರಡನೆಯದನ್ನು ಫ್ರೀಜ್ ಮಾಡಿಡಲು ಬೇರೆ ಶುಲ್ಕ. "ಸ್ಕೋರ್ ಕಡಿಮೆ ಇದೆ, ಇಡೋದು ಬಿಡೋದು ನಿಮ್ಮಿಷ್ಟ" ಅಂತ ಕೌನ್ಸೆಲರ್ ಅಂದಿದ್ದರಂತೆ. ಮೂರು ದಿನದಲ್ಲಿ ಹೇಳಬೇಕು. ಅವಳಿಗೆ 36, ಇನ್ನೊಂದು ಸಲ ಇಂಜೆಕ್ಷನ್ ಚುಚ್ಚಿಸಿಕೊಂಡು ಅಂಡಾಣು ತೆಗೆಸೋ ಶಕ್ತಿಯೂ ಇಲ್ಲ, ದುಡ್ಡೂ ಇಲ್ಲ.

ನಾನು ಮಾಡೋದು ಇದೇ ಕೆಲಸ ಅಲ್ಲ. ಅಪಘಾತವಾದ ಕಾರುಗಳ ಫೋಟೊ ನೋಡಿ ರಿಪೇರಿ ಖರ್ಚು ಅಂದಾಜು ಮಾಡುವ ಸಾಫ್ಟ್‌ವೇರ್ ನಮ್ಮದು, ಗಿರಾಕಿ ವಿಮಾ ಕಂಪನಿ. ಆದರೆ ಚಿತ್ರ ನೋಡಿ ಕಲಿಯುವ ಯಂತ್ರದ ಸ್ವಭಾವ ಎಲ್ಲ ಕಡೆ ಒಂದೇ. ಹಾಗಾಗಿ ಅಲ್ಲೇ, ಟರ್ಫ್ ಲೇನ್ ಪಕ್ಕದ ಬಸ್‌ಸ್ಟಾಪಿನಲ್ಲಿ ಕೂತು ಅವಳಿಗೆ ವಿವರಿಸಿದೆ.

ಪರ್ಡಿಯ ಕಾಲದಲ್ಲಿ ಭ್ರೂಣವನ್ನು ನೋಡಬೇಕಾದರೆ ಬೆಚ್ಚಗಿನ ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಕಿತ್ತು. ಈಗ ದೊಡ್ಡ ಕ್ಲಿನಿಕ್ಕುಗಳ ಇನ್‌ಕ್ಯುಬೇಟರ್ ಒಳಗೇ ಕ್ಯಾಮೆರಾ ಇದೆ. ಹತ್ತು ನಿಮಿಷಕ್ಕೊಂದರಂತೆ ಐದಾರು ದಿನ ಫೋಟೊ ತೆಗೆಯುತ್ತೆ, ಸಿನಿಮಾ ಥರ ಓಡಿಸಿ ನೋಡಬಹುದು. ಎಂಬ್ರಿಯಾಲಜಿಸ್ಟ್ ಅದನ್ನು ನೋಡಿ 4ಎಎ, 3ಬಿಸಿ ಅಂತ ದರ್ಜೆ ಕೊಡ್ತಾರೆ. ಅಂಕಿ ಅಂದರೆ ಭ್ರೂಣ ಎಷ್ಟು ಹಿಗ್ಗಿದೆ ಅಂತ, ಮೊದಲ ಅಕ್ಷರ ಮಗುವಾಗುವ ಒಳಗಿನ ಕೋಶಗಳಿಗೆ, ಎರಡನೆಯದು ಮಾಸುಚೀಲವಾಗುವ ಹೊರ ಪದರಕ್ಕೆ. ಒಂದೇ ಭ್ರೂಣಕ್ಕೆ ಇಬ್ಬರು ತಜ್ಞರು ಬೇರೆ ಬೇರೆ ದರ್ಜೆ ಕೊಡೋದು ಮಾಮೂಲು. ಆ ತಾಪತ್ರಯ ಬೇಡ ಅಂತಲೇ ಎಐ ಬಂದಿದ್ದು. ಸಾವಿರಾರು ಹಳೆಯ ವಿಡಿಯೊ ತೋರಿಸಿ, ಇದು ನಿಂತಿತು, ಇದು ನಿಲ್ಲಲಿಲ್ಲ ಅಂತ ಕಲಿಸಿದ್ದಾರೆ. ಹೊಸದು ಬಂದರೆ ಅಂಕ ಹೇಳುತ್ತೆ. ಸುಸ್ತಾಗಲ್ಲ, ಸೋಮವಾರ ಒಂದು ಶುಕ್ರವಾರ ಒಂದು ಅನ್ನಲ್ಲ.

ತೊಡಕು ಇರೋದು ಕಲಿಕೆಯಲ್ಲೇ. ಗರ್ಭಕ್ಕೆ ಹಾಕದೇ ಬಿಸಾಡಿದ ಭ್ರೂಣ ನಿಲ್ಲುತ್ತಿತ್ತೋ ಇಲ್ಲವೋ ಅಂತ ಯಾರಿಗೂ ಗೊತ್ತಾಗೋ ಹಾಗಿಲ್ಲ. ಅದನ್ನು 'ಸೋತದ್ದು' ಅಂತ ಕಲಿಸಿದರೆ, ಬಿಸಾಡಿದವರ ಅಭಿಪ್ರಾಯವನ್ನೇ ಯಂತ್ರ ಬಾಯಿಪಾಠ ಮಾಡಿದ ಹಾಗಾಯ್ತು. ನಮ್ಮ ಕಾರಿನ ಸಾಫ್ಟ್‌ವೇರ್‌ನಲ್ಲೂ ಇದೇ ಗೋಳು. ಗುಜರಿಗೆ ಹೋದ ಕಾರು ರಿಪೇರಿ ಆಗ್ತಿತ್ತಾ ಅಂತ ಯಾರೂ ಮಾಡಿ ನೋಡಿರೋದಿಲ್ಲ. ಇನ್ನೊಂದು, ಯಂತ್ರ ನೋಡೋದು ಭ್ರೂಣದ ಚಿತ್ರವನ್ನು ಮಾತ್ರ. ಭ್ರೂಣ ನಿಲ್ಲದೇ ಇರಲು ಗರ್ಭಾಶಯದ ಕಡೆಯಿಂದಲೂ ಹತ್ತು ಕಾರಣ ಇರಬಹುದು, ಅವು ಆ ಫೋಟೊದಲ್ಲಿ ಬೀಳೋದಿಲ್ಲ.

"ಅದಕ್ಕೇ 4.3 ಅಂದ್ರೆ ನಲವತ್ಮೂರು ಪರ್ಸೆಂಟ್ ಅಲ್ಲ ಕಣೇ," ಅಂದೆ. "ಒಂದರ ಪಕ್ಕ ಇನ್ನೊಂದನ್ನಿಟ್ಟು ಯಾವುದನ್ನ ಮೊದಲು ಹಾಕೋದು ಅಂತ ಹೇಳೋ ಕ್ರಮಾಂಕ ಅಷ್ಟೇ. ಕ್ಯೂನಲ್ಲಿ ಹಿಂದೆ ನಿಂತೋರಿಗೆ ಟಿಕೆಟ್ ಸಿಗಲ್ಲ ಅಂತ ಅಲ್ಲ."

ಇದು ಬಹಳ ಜನಕ್ಕೆ ಹೊಳೆಯದ ಸಂಗತಿ. ಅಂಕ ಕೊಟ್ಟ ಮಾತ್ರಕ್ಕೆ ಭ್ರೂಣ ಗಟ್ಟಿಯಾಗೋದಿಲ್ಲ. ಇರುವ ಎರಡನ್ನೂ ಒಂದಾದ ಮೇಲೊಂದು ಹಾಕುವುದೇ ಆದರೆ, ಯಾವುದು ಮೊದಲು ಅನ್ನೋದರಿಂದ ಒಟ್ಟು ಅವಕಾಶ ಬದಲಾಗಲ್ಲ. ಆರಿಸಿದ್ದು ಸರಿಯಾದರೆ ಮಗು ಬೇಗ ಬರಬಹುದು, ಒಂದು ಸೋಲಿನ ಸಂಕಟ ತಪ್ಪಬಹುದು. ಅದೇನೂ ಸಣ್ಣದಲ್ಲ. ಆದರೆ ಕಡಿಮೆ ಅಂಕ ಅಂತ ಎರಡನೆಯದನ್ನು ಬಿಸಾಡಿದರೆ ಇದ್ದ ಅವಕಾಶವನ್ನೇ ಕಳೆದುಕೊಂಡ ಹಾಗೆ.

"ಹಂಗಾದ್ರೆ ಎಐ ಸುಳ್ಳಾ?" ಅಂದಳು. ಸುಳ್ಳಲ್ಲ. ಇದನ್ನು ಸರಿಯಾಗಿ ಪರೀಕ್ಷಿಸಿದವರೂ ಇದ್ದಾರೆ. ಐಡಾಸ್ಕೋರ್ ಅನ್ನೋ ಸಾಫ್ಟ್‌ವೇರನ್ನು ಆಸ್ಟ್ರೇಲಿಯಾ ಮತ್ತು ಯುರೋಪಿನ 14 ಕ್ಲಿನಿಕ್ಕುಗಳಲ್ಲಿ 1,066 ಹೆಂಗಸರ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು 2024ರಲ್ಲಿ 'ನೇಚರ್ ಮೆಡಿಸಿನ್'ನಲ್ಲಿ ಪ್ರಕಟಿಸಿದರು. ಚೀಟಿ ಎತ್ತಿದ ಹಾಗೆ ಅರ್ಧ ಜನರ ಭ್ರೂಣವನ್ನು ಯಂತ್ರ ಆರಿಸಿತು, ಇನ್ನರ್ಧ ಜನರದ್ದನ್ನು ತಜ್ಞರು. ಯಂತ್ರದ ಗುಂಪಿನಲ್ಲಿ ಗರ್ಭ ನಿಂತಿದ್ದು ಶೇ 46.5, ತಜ್ಞರ ಗುಂಪಿನಲ್ಲಿ ಶೇ 48.2. ಯಂತ್ರ ತಜ್ಞರಿಗಿಂತ ಕಡಿಮೆಯೇನಲ್ಲ ಅಂತ ತೋರಿಸೋದು ಪರೀಕ್ಷೆಯ ಗುರಿಯಾಗಿತ್ತು, ಅಷ್ಟನ್ನೂ ಖಚಿತವಾಗಿ ತೋರಿಸಲಾಗಲಿಲ್ಲ. ಗೆದ್ದದ್ದು ವೇಗದಲ್ಲಿ. ತಜ್ಞರಿಗೆ ಸರಾಸರಿ 208 ಸೆಕೆಂಡ್ ಹಿಡಿದ ಕೆಲಸ ಯಂತ್ರದಿಂದ 21 ಸೆಕೆಂಡಿಗೆ ಮುಗಿಯಿತು. ಲ್ಯಾಬಿನವರಿಗೆ ಇದು ದೊಡ್ಡ ಉಪಕಾರ. ಆದರೆ ಅವರ ಮೂರು ನಿಮಿಷ ಉಳಿಸಿದ್ದಕ್ಕೆ ನನ್ನ ತಂಗಿಯ ಬಿಲ್ಲಿನಲ್ಲಿ ಬೇರೆ ಸಾಲು ಯಾಕೆ ಅನ್ನೋದು ನನಗೆ ಅರ್ಥವಾಗಲಿಲ್ಲ.

ಸಂಜೆ ಮ್ಯಾಂಚೆಸ್ಟರ್‌ಗೆ ವಾಪಸ್ ಬರುವಾಗ ಇಬ್ಬರೂ ಸೇರಿ ವಾಟ್ಸ್‌ಆ್ಯಪಿನಲ್ಲಿ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಬರೆದೆವು. ಯಾವ ಸಾಫ್ಟ್‌ವೇರ್? ಯಾರ ಭ್ರೂಣಗಳನ್ನು ನೋಡಿ ಕಲಿತದ್ದು, ಅದರಲ್ಲಿ ನಮ್ಮ ದೇಶದವರು ಇದ್ದಾರಾ? ಅಂಕ ಇಲ್ಲದಿದ್ದರೆ ನೀವು ಯಾವುದನ್ನು ಆರಿಸ್ತಿದ್ರಿ? ಫ್ರೀಜ್ ಮಾಡಿದರೆ ಎಷ್ಟು ವರ್ಷ ಇಡ್ತೀರಿ? (ನಮ್ಮ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಹತ್ತು ವರ್ಷ ಇಡಬಹುದು.) ಅತ್ತೆಗೆ ಒಂದು ಪ್ರಶ್ನೆ ಇತ್ತಂತೆ: ಇಷ್ಟೆಲ್ಲ ನೋಡೋ ಯಂತ್ರಕ್ಕೆ ಗಂಡೋ ಹೆಣ್ಣೋ ಗೊತ್ತಾಗಲ್ವಾ? ಅದನ್ನು ಕೇಳೋದೂ ತಪ್ಪು, ಹೇಳೋದೂ ತಪ್ಪು, 1994ರ ಕಾಯ್ದೆ ಭ್ರೂಣಕ್ಕೂ ಅನ್ವಯಿಸುತ್ತೆ ಅಂತ ತಂಗಿ ಜೋರಾಗೇ ಹೇಳಿದಳಂತೆ. ಅವತ್ತಿನ ಮಟ್ಟಿಗೆ ನನಗೆ ಖುಷಿ ಕೊಟ್ಟ ಸುದ್ದಿ ಅದೊಂದೇ.

ಕಣ್ಣಿನ ಮಾತು ಬಂದಾಗ ಇನ್ನೊಬ್ಬರನ್ನು ನೆನೆಯಬೇಕು. ಲೂಯಿಸ್ ಹುಟ್ಟಿದ 70 ದಿನಕ್ಕೆ, 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ದುರ್ಗಾ ಹುಟ್ಟಿದಳು. ಡಾ. ಸುಭಾಷ್ ಮುಖರ್ಜಿ ಫ್ರೀಜ್ ಮಾಡಿದ ಭ್ರೂಣದಿಂದಲೇ ಇದನ್ನು ಸಾಧಿಸಿದ್ದರು. ಸರ್ಕಾರಿ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಜೀವ ಕಳೆದುಕೊಂಡರು. ಭಾರತದ ಮೊದಲ ಪ್ರನಾಳ ಶಿಶುವಿನ ಕೀರ್ತಿ 1986ರಲ್ಲಿ ಮುಂಬೈನ ತಂಡಕ್ಕೆ ಹೋಯ್ತು. ಆ ತಂಡದ ವಿಜ್ಞಾನಿ ಟಿ.ಸಿ. ಆನಂದ ಕುಮಾರ್, ಮುಂದೆ ಬೆಂಗಳೂರಲ್ಲಿ ನೆಲೆಸಿದವರು. ಮುಖರ್ಜಿಯವರ ಕೈಬರಹದ ಟಿಪ್ಪಣಿಗಳನ್ನು ಕೂತು ಓದಿ, ಮೊದಲಿಗ ನಾನಲ್ಲ, ಅವರು ಅಂತ 1997ರಲ್ಲಿ ಅವರೇ ಹೇಳಿದರು. ತನ್ನ ಹೆಸರಿನಲ್ಲಿದ್ದ ಕೀರ್ತಿಯನ್ನು ಹೀಗೆ ಎತ್ತಿ ಕೊಟ್ಟವರು ಎಷ್ಟು ಜನ ಸಿಗ್ತಾರೆ?

ಸೋಮವಾರ ತಂಗಿ ಕ್ಲಿನಿಕ್ಕಿಗೆ ಹೋಗಿ ಪ್ರಶ್ನೆಗಳ ಪಟ್ಟಿ ಕೊಟ್ಟಳು. ಡಾಕ್ಟರಿಗೆ ಪುರುಸೊತ್ತಿರಲಿಲ್ಲ, ಲ್ಯಾಬಿನಿಂದ ಎಂಬ್ರಿಯಾಲಜಿಸ್ಟನ್ನು ಕರೆಸಿದರು. ಅಷ್ಟು ತಿಂಗಳಲ್ಲಿ ಇವಳು ಅವರ ಮುಖ ನೋಡಿದ್ದು ಅದೇ ಮೊದಲು. ತಲೆಗೆ ನೀಲಿ ಟೋಪಿ, ಕಾಲಿಗೆ ಲ್ಯಾಬಿನ ಚಪ್ಪಲಿ, ಸುಮಾರು ಇವಳದ್ದೇ ವಯಸ್ಸಿನವರು. ಹತ್ತು ನಿಮಿಷ ನಿಂತು ಮಾತಾಡಿದರಂತೆ. "ಯಂತ್ರ ಇಲ್ದಿದ್ರೂ ನಾನು ಇದನ್ನೇ ಮೊದಲು ಹಾಕಿ ಅಂತಿದ್ದೆ ಮೇಡಂ. ಎರಡನೇದು ನಿಧಾನಕ್ಕೆ ಬೆಳೀತು, ಆದ್ರೆ ಬೆಳೆದಿದೆ. ನಾನಾಗಿದ್ರೆ ಇಟ್ಕೊಳ್ತಿದ್ದೆ," ಅಂದರಂತೆ. ತಂಗಿ ಅಲ್ಲೇ ಫ್ರೀಜಿಂಗ್ ಫಾರ್ಮಿಗೆ ಸಹಿ ಹಾಕಿದಳು. ಎಐ ಶುಲ್ಕ ವಾಪಸ್ ಕೊಡಲಿಲ್ಲ, ಬಿಡಿ.

8.1 ಅಂಕದ್ದನ್ನು ಶ್ರಾವಣದಲ್ಲಿ ಹಾಕಿದರು, ನಿಲ್ಲಲಿಲ್ಲ. ಒಂದು ಉದಾಹರಣೆಯಿಂದ ಯಂತ್ರ ತಪ್ಪು ಅಂತ ಹೇಳಕ್ಕಾಗಲ್ಲ, ತಜ್ಞರು ಆರಿಸಿದ್ದೂ ಅದನ್ನೇ. ಒಂದು ವಾರ ಅವಳು ಯಾರ ಫೋನೂ ಎತ್ತಲಿಲ್ಲ. ಎಂಟನೇ ದಿನ ತಾನೇ ಮಾಡಿ, ಮ್ಯಾಂಚೆಸ್ಟರಿನಲ್ಲಿ ಚಳಿ ಶುರುವಾಯ್ತಾ ಅಂತ ಕೇಳಿದಳು. ಎರಡನೆಯದನ್ನು ದೀಪಾವಳಿ ಕಳೆದ ಮೇಲೆ ಹಾಕೋಣ ಅಂತ ಡಾಕ್ಟರ್ ಹೇಳಿದ್ದಾರೆ.